ಮುಂದೆ ಕಂಡುಬಂದವು

ಕೊನೆಯ ವರ್ಷದ ತರಗತಿಗೆ ವಾಪಸ್ ಬಂದು ಎರಡು ವಾರ ಆಗಿತ್ತು. ಲೈಬ್ರರಿಯಲ್ಲಿ ಜೂನಿಯರ್ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ಕೂತು, 'ಅಕ್ಕ, ಇದೊಂದು ಲೆಕ್ಕ ಹೇಳಿಕೊಡಿ' ಅಂದಳು. ತಪ್ಪು ತಿದ್ದುವ ಅಧ್ಯಾಯದ ಲೆಕ್ಕ. ಕಾಮರ್ಸ್ ಓದಿದವರಿಗೆಲ್ಲ ಅದರ ಧಾಟಿ ಗೊತ್ತು. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲಾ ಖಾತೆಗಳ ಡೆಬಿಟ್ಟು ಕ್ರೆಡಿಟ್ಟು ಎರಡು ಕಡೆ ಇಟ್ಟು ನೋಡುವ ಪಟ್ಟಿ, ತಾಳೆಯಾಗಲಿಲ್ಲ. ಕಾರಣ ಸಿಗುವವರೆಗೆ ವ್ಯತ್ಯಾಸವನ್ನು ತಾತ್ಕಾಲಿಕವಾದ ಸಸ್ಪೆನ್ಸ್ ಖಾತೆಗೆ ಹಾಕಲಾಯಿತು. ಮುಂದೆ ಈ ಕೆಳಗಿನ ತಪ್ಪುಗಳು ಕಂಡುಬಂದವು. ಆಮೇಲೆ ಒಂದರಿಂದ ಆರರವರೆಗೆ ತಪ್ಪುಗಳ ಪಟ್ಟಿ. ಒಂದೊಂದನ್ನೇ ತಿದ್ದುತ್ತಾ ಹೋದರೆ ಸಸ್ಪೆನ್ಸ್ ಖಾತೆ ಸೊನ್ನೆಗೆ ಬರುತ್ತದೆ. ಬರದಿದ್ದರೆ ನೀವು ಎಲ್ಲೋ ಎಡವಿದ್ದೀರಿ ಅಂತ ಅರ್ಥ.

ಇಂಥ ಲೆಕ್ಕಗಳನ್ನು ನಾನು ಹಿಂದೆ ಎಷ್ಟು ಮಾಡಿದ್ದೆನೋ ಎಣಿಕೆ ಇಲ್ಲ. ನಿದ್ದೆಗಣ್ಣಲ್ಲಿ ಕೊಟ್ಟರೂ ಮಾಡುತ್ತಿದ್ದೆ. ಅವತ್ತು ಮಾತ್ರ 'ಕಂಡುಬಂದವು' ಅನ್ನೋ ಪದದ ಹತ್ತಿರ ನಿಂತುಬಿಟ್ಟೆ. ಯಾರಿಗೆ ಕಂಡುಬಂದವು? ಹೇಗೆ? ಅಷ್ಟು ದಿನ ಯಾಕೆ ಕಂಡಿರಲಿಲ್ಲ? ಪಾಪ, ಆ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಪುಸ್ತಕದ ಲೆಕ್ಕದಲ್ಲಿ ತಪ್ಪು ಮಾಡಿದವರೂ ಇಲ್ಲ, ಹುಡುಕಿದವರೂ ಇಲ್ಲ. ತಪ್ಪುಗಳು ತಾವಾಗಿಯೇ ಎದ್ದು ಬಂದು ಸಾಲಾಗಿ ನಿಲ್ಲುತ್ತವೆ. 'ಸಸ್ಪೆನ್ಸ್ ಖಾತೆಗೆ ಹಾಕಲಾಯಿತು' ಅನ್ನೋದಕ್ಕೂ 'ಮುಂದೆ ಕಂಡುಬಂದವು' ಅನ್ನೋದಕ್ಕೂ ನಡುವೆ ಪುಸ್ತಕದಲ್ಲಿ ಇರೋದು ಒಂದು ಪೂರ್ಣವಿರಾಮ ಅಷ್ಟೆ. ನಾನು ಹಿಂದಿನ ವರ್ಷ ಕೆಲಸ ಮಾಡಿದ ಜಾಗದಲ್ಲಿ ಆ ಪೂರ್ಣವಿರಾಮ ಐದು ವಾರ ಇತ್ತು.

ಪ್ಲೇಸ್‌ಮೆಂಟ್ ವರ್ಷ, ಅಂದರೆ ಡಿಗ್ರಿಯ ನಡುವೆ ಕಂಪನಿಯಲ್ಲಿ ಕೆಲಸ ಮಾಡಿದ ಆ ವರ್ಷ, ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ. 'ಚೆನ್ನಾಗಿತ್ತು, ತುಂಬಾ ಕಲಿತೆ' ಅನ್ನುತ್ತೇನೆ. ಏನು ಕಲಿತೆ ಅಂತ ಮುಂದಿನ ಪ್ರಶ್ನೆ ಬಂದರೆ ಎಕ್ಸೆಲ್, ಪಿವಟ್ ಟೇಬಲ್, ಮಂತ್ ಎಂಡ್ ಕ್ಲೋಸಿಂಗ್ ಅಂತ ಏನೋ ಹೇಳಿ ಜಾರಿಕೊಳ್ಳುತ್ತೇನೆ. ಅವೆಲ್ಲ ಸುಳ್ಳಲ್ಲ. ಆದರೆ ಆ ಲೆಕ್ಕದ ಮುಂದೆ ಕೂತಾಗ ನೆನಪಾಗಿದ್ದು ಅದು ಯಾವುದೂ ಅಲ್ಲ.

ಟ್ಯಾಲಿ ಆಯ್ತಾ?

ಫೈನಾನ್ಸ್ ವಿಭಾಗದಲ್ಲಿ ಒಂದು ವರ್ಷ ಅಂದಾಗ ನನ್ನ ತಲೆಯಲ್ಲಿದ್ದದ್ದು ಷೇರು, ಬಂಡವಾಳ, ದೊಡ್ಡ ಪರದೆ ಮೇಲೆ ಓಡುವ ಅಂಕಿಗಳು. ಸಿಕ್ಕಿದ್ದು ಬ್ಯಾಂಕ್ ರಿಕನ್ಸಿಲಿಯೇಷನ್, ಅಂದರೆ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದು. ಮೊದಲ ಒಂಬತ್ತು ದಿನ ಅದೂ ಇಲ್ಲ, ಲಾಗಿನ್ ಬಂದಿರಲಿಲ್ಲ. ಹಳೆಯ ಫೈಲುಗಳನ್ನು ಓದುತ್ತಾ, ಬ್ಯುಸಿ ಇದ್ದವಳ ಹಾಗೆ ಮುಖ ಮಾಡಿಕೊಂಡು ಕೂತಿರುತ್ತಿದ್ದೆ. ಸುಮ್ನೆ ಕೂರೋದಕ್ಕಿಂತ ಸುಸ್ತಾಗುವ ಕೆಲಸ ಇನ್ನೊಂದಿಲ್ಲ. ಲಾಗಿನ್ ಬಂದ ಮೇಲೆ ರಸೀದಿಗಳನ್ನು ಎಂಟ್ರಿ ಮಾಡುವುದು, ಇನ್‌ವಾಯ್ಸಿಗೂ ಪರ್ಚೇಸ್ ಆರ್ಡರಿಗೂ ಸರಕು ಬಂದ ಚೀಟಿಗೂ ತಾಳೆ ನೋಡುವುದು, ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟಿಗೂ ನಮ್ಮ ಖಾತೆಗಳ ಪುಸ್ತಕವಾದ ಲೆಡ್ಜರಿಗೂ ಇರುವ ವ್ಯತ್ಯಾಸಕ್ಕೆ ಕಾರಣ ಹುಡುಕುವುದು, ಇಷ್ಟು ನನ್ನ ಪಾಲಿಗೆ ಬಂತು.

ತರಗತಿಗೂ ಆಫೀಸಿಗೂ ಇರುವ ದೊಡ್ಡ ಫರಕು ಮೊದಲ ತಿಂಗಳಲ್ಲೇ ಗೊತ್ತಾಯಿತು. ಪುಸ್ತಕದ ಲೆಕ್ಕದಲ್ಲಿ ಬೇಕಾದ ಮಾಹಿತಿ ಎಲ್ಲಾ ಮೇಲೆ ಕೊಟ್ಟಿರುತ್ತಾರೆ. ಆಫೀಸಿನಲ್ಲಿ ಮಾಹಿತಿ ಯಾರದೋ ತಲೆಯಲ್ಲಿ ಇರುತ್ತದೆ, ಅವರು ಮೀಟಿಂಗಿನಲ್ಲಿ ಇರುತ್ತಾರೆ. ಕೆಲಸ ಈ ತಿಂಗಳು ಮುಗಿದಿದೆ, ಬಿಲ್ಲು ಇನ್ನೂ ಬಂದಿಲ್ಲ ಅಂದರೆ ಆ ಖರ್ಚನ್ನು ಅಂದಾಜು ಮಾಡಿ ಈ ತಿಂಗಳಿಗೇ ತೋರಿಸಬೇಕು. ಅದಕ್ಕೆ ಅಕ್ರೂಯಲ್ ಅಂತಾರೆ. ಪರೀಕ್ಷೆಯಲ್ಲಿ 'ಕೊಡಬೇಕಾದ ವೆಚ್ಚ ಇಷ್ಟು' ಅಂತ ಒಂದು ಸಾಲು ಇರುತ್ತದೆ, ಎರಡು ಕಡೆ ಬರೆದರೆ ಮುಗೀತು. ಇಲ್ಲಿ ಆ 'ಇಷ್ಟು' ಎಷ್ಟು ಅಂತ ಕೇಳಿಕೊಂಡು ನಾನು ಮೇಂಟೆನೆನ್ಸ್ ನೋಡಿಕೊಳ್ಳುವ ಸರ್ ಹಿಂದೆ ಎರಡು ದಿನ ಓಡಾಡಿದೆ. ಮೂರನೇ ಸಲ ಮೆಟ್ಟಿಲ ಮೇಲೆ ಸಿಕ್ಕರು. 'ಆ ಮೋಟಾರ್ ರಿಪೇರಿದು ಎಷ್ಟಾಗಬಹುದು ಸರ್?' ಅಂದೆ. ನಿಂತು, ಮೇಲೆ ನೋಡಿ, ತುಟಿ ಒತ್ತಿ, 'ಒಂದು 40 ಹಾಕ್ಕೊಳಮ್ಮ' ಅಂತ ಹೇಳಿ ಇಳಿದು ಹೋದರು. 40,000 ಅಂತ ಹಾಕಿದೆ. ಆ ತಿಂಗಳ ಲಾಭದಲ್ಲಿ ಅಷ್ಟು ಕಡಿಮೆಯಾಯಿತು. ಯಾರೋ ಮೇಲಿನವರು ಆ ಲಾಭ ನೋಡಿ ಹುಬ್ಬು ಗಂಟು ಹಾಕಿರಲೂಬಹುದು. ಅದರ ಬೇರು ಹುಡುಕಿಕೊಂಡು ಹೋದರೆ ಸಿಗೋದು ಮೆಟ್ಟಿಲ ಮೇಲೆ ಒಬ್ಬರು ತುಟಿ ಒತ್ತಿದ್ದು. ಮುಂದಿನ ತಿಂಗಳು ಬಿಲ್ಲು 43,600ಕ್ಕೆ ಬಂತು. ನಿಜ ಹೇಳಬೇಕಂದ್ರೆ ಆ ಸರ್ ಮೇಲೆ ನನಗೆ ಭಾರಿ ಗೌರವ ಬಂತು. ತಲೆಯಿಂದ ತೆಗೆದ ಲೆಕ್ಕ ಅಷ್ಟು ಹತ್ತಿರ ಬರಬೇಕಾದರೆ ಎಷ್ಟು ಮೋಟಾರು ನೋಡಿರಬೇಕು ಅವರು!

ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಇರುತ್ತಿದ್ದ ಪ್ರಶ್ನೆ ಒಂದೇ. 'ಟ್ಯಾಲಿ ಆಯ್ತಾ?' ಬೆಳಗ್ಗೆ ಬಂದಾಗ, ಊಟಕ್ಕೆ ಎದ್ದಾಗ, ಸಂಜೆ ಬ್ಯಾಗ್ ಹೆಗಲಿಗೆ ಹಾಕುವಾಗ. ಆಯ್ತು ಅಂದರೆ ಮುಖ ಅರಳುತ್ತಿತ್ತು, ಇಲ್ಲ ಅಂದರೆ 'ಅಯ್ಯೋ' ಅಂತ ಬರುತ್ತಿತ್ತು. ಟ್ಯಾಲಿ ಆಗದ್ದಕ್ಕೆ ಸಿದ್ಧ ಉತ್ತರವೂ ಒಂದಿತ್ತು, 'ಟೈಮಿಂಗ್ ಡಿಫರೆನ್ಸ್'. ನಾವು ಈ ತಿಂಗಳು ಬರೆದದ್ದು ಬ್ಯಾಂಕಿನಲ್ಲಿ ಮುಂದಿನ ತಿಂಗಳು ಕಾಣಿಸುತ್ತದೆ ಅಂತ. ಮುಕ್ಕಾಲು ಪಾಲು ಅದು ನಿಜವೂ ಹೌದು. ಉಳಿದ ಕಾಲು ಪಾಲು, ಇನ್ನೂ ಹುಡುಕಿಲ್ಲ ಅನ್ನೋದನ್ನು ಮರ್ಯಾದೆಯಿಂದ ಹೇಳುವ ರೀತಿ.

2,700

ನಾಲ್ಕನೇ ತಿಂಗಳ ಕ್ಲೋಸಿಂಗ್, ಅಂದರೆ ತಿಂಗಳ ಲೆಕ್ಕ ಮುಗಿಸುವ ಹೊತ್ತು. ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವ ಆಸೆಯನ್ನು ಎಲ್ಲರೂ ಬಿಟ್ಟಿದ್ದ ಸಂಜೆ. ನನ್ನ ಬ್ಯಾಂಕ್ ರಿಕನ್ಸಿಲಿಯೇಷನ್ನಿನಲ್ಲಿ ಎಲ್ಲಾ ಸಾಲುಗಳಿಗೂ ಟಿಕ್ ಬಿದ್ದಿತ್ತು, ಒಂದು ಬಿಟ್ಟು. ಒಂದು ದಿನ ಬ್ಯಾಂಕಿಗೆ ಕಟ್ಟಿದ ಚೆಕ್ಕುಗಳು. ಬ್ಯಾಂಕಿನವರು ಅವನ್ನೆಲ್ಲ ಸೇರಿಸಿ ಸ್ಟೇಟ್‌ಮೆಂಟಿನಲ್ಲಿ ಒಂದೇ ಮೊತ್ತ ತೋರಿಸಿದ್ದರು. ನಮ್ಮ ಲೆಡ್ಜರಿನಲ್ಲಿ ಅವು 41 ಬೇರೆ ಬೇರೆ ಎಂಟ್ರಿಗಳು. ಕೂಡಿದರೆ ನಮ್ಮದು 2,700 ಕಡಿಮೆ ಬರುತ್ತಿತ್ತು. ಚೆಕ್ಕುಗಳ ಪಟ್ಟಿ ಹಿಡಿದು ಮೂರು ಸಲ ಕಣ್ಣಾಡಿಸಿದೆ. ಒಂದೂ ಬಿಟ್ಟುಹೋಗಿರಲಿಲ್ಲ. 2,700ರ ಚೆಕ್ಕು ಯಾವುದೂ ಇರಲಿಲ್ಲ. ಅದರ ಅರ್ಧ 1,350, ಅದೂ ಇರಲಿಲ್ಲ. ಡೆಬಿಟ್ ಆಗಬೇಕಾದ್ದು ಕ್ರೆಡಿಟ್ ಆಗಿದ್ದರೆ ವ್ಯತ್ಯಾಸ ಎರಡು ಪಟ್ಟು ತೋರಿಸುತ್ತದೆ, ಅದಕ್ಕೇ ಅರ್ಧ ಹುಡುಕಬೇಕು ಅಂತ ತರಗತಿಯಲ್ಲಿ ಹೇಳಿದ್ದು ನೆನಪಿತ್ತು. ನನಗೆ ನೆನಪಿದ್ದದ್ದು ಅಷ್ಟೇ.

'ಟ್ಯಾಲಿ ಆಯ್ತಾ?' ಅಂತ ಮೇಡಂ ಆ ಕಡೆಯಿಂದ ಕೇಳಿದರು. ನಾನು ಕೆಲಸ ಕಲಿಯುತ್ತಿದ್ದದ್ದು ಅವರ ಕೈಕೆಳಗೆ. 'ಆಗ್ತಾ ಇದೆ ಮೇಡಂ' ಅಂದೆ. ಆ ಉತ್ತರ ಕೊಟ್ಟ ಮೇಲೆ ಇನ್ನು 'ಆಗ್ತಿಲ್ಲ' ಅಂತ ಹೇಳೋದು ಹೇಗೆ? ಇಡೀ ತಿಂಗಳ ವಹಿವಾಟಿನ ಮುಂದೆ 2,700 ಏನೂ ಅಲ್ಲ. ಮುಂದಿನ ತಿಂಗಳು ನೋಡಿಕೊಂಡರಾಯಿತು ಅಂದುಕೊಂಡೆ. ಬ್ಯಾಂಕ್ ಖಾತೆಗೆ 2,700 ಡೆಬಿಟ್, ಸಸ್ಪೆನ್ಸಿಗೆ 2,700 ಕ್ರೆಡಿಟ್. ಅಂದರೆ ನಮ್ಮ ಪುಸ್ತಕದಲ್ಲಿ ಬ್ಯಾಂಕಿನ ಮೊತ್ತ 2,700 ಏರಿತು, ಕಾರಣ ಗೊತ್ತಿಲ್ಲದ್ದು ಸಸ್ಪೆನ್ಸಿನಲ್ಲಿ ಕೂತಿತು. ಎಂಟ್ರಿಗೆ ವಿವರಣೆ ಬರೆಯುವ ನರೇಷನ್ನಿನ ಜಾಗದಲ್ಲಿ 'ಬೀಯಿಂಗ್ ಡಿಫರೆನ್ಸ್ ಅಡ್ಜಸ್ಟೆಡ್' ಅಂತ ಟೈಪ್ ಮಾಡಿದೆ. ಅಪ್ರೂವಲ್ಲಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಅಪ್ರೂವ್ ಆಗಿ ಬಂತು. 'ಆಯ್ತು ಮೇಡಂ' ಅಂದೆ. ಬಸ್ಸಿನಲ್ಲಿ ಕೂತಾಗ ಏನೋ ದೊಡ್ಡದು ಮುಗಿಸಿದ ಸಮಾಧಾನವೇ ಇತ್ತು, ತಪ್ಪು ಮಾಡಿದ ಭಾವ ಇರಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಇಂಥ ಕಡೆ ಮನಸ್ಸು ಚುಚ್ಚಿತು, ನಿದ್ದೆ ಬರಲಿಲ್ಲ ಅಂತ ಬರೆಯೋದು ವಾಡಿಕೆ. ನನಗೆ ಚೆನ್ನಾಗಿ ನಿದ್ದೆ ಬಂತು.

ಮುಂದಿನ ತಿಂಗಳು ನೋಡಿಕೊಳ್ಳಲಿಲ್ಲ. ಮುಂದಿನ ತಿಂಗಳಿಗೆ ಅದರದ್ದೇ ಸಾಲುಗಳಿದ್ದವು.

ಐದು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಮೇಜಿನ ಫೋನ್ ಬಡಿದುಕೊಳ್ಳುತ್ತಿತ್ತು. ಬಾಕಿ ವಸೂಲಿ ನೋಡುವವರು ಊಟಕ್ಕೆ ಹೋಗಿದ್ದರು. ನಾನೇ ಎತ್ತಿದೆ. ವಯಸ್ಸಾದ ದನಿ. ನಮ್ಮಿಂದ ಸರಕು ತರಿಸಿಕೊಳ್ಳುವ ಒಬ್ಬ ಸಣ್ಣ ವ್ಯಾಪಾರಿ. 'ಅಮ್ಮಾ, ನಿಮ್ಮ ಕಡೆಯಿಂದ ಎರಡನೇ ಸಲ ಕಾಗದ ಬಂದಿದೆ. ಬಾಕಿ ಉಳಿಸಿಕೊಂಡಿದ್ದೀರಿ ಅಂತ. ನಾನು ಪೂರ್ತಿ ಕಟ್ಟಿದ್ದೀನಲ್ಲಮ್ಮ?' ಅಂದರು. ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ. ಒಂದು ಥರದ ಗಲಿಬಿಲಿ ಇತ್ತು. ತಾನೇ ಏನಾದರೂ ಮರೆತೆನಾ ಅನ್ನೋ ಗಲಿಬಿಲಿ. 'ನನ್ನ ಹತ್ತಿರ ಚೆಕ್ಕಿನ ಕೌಂಟರ್‌ಫಾಯಿಲ್ ಇದೆ, ಓದಲಾ?' ಅಂತ ಕೇಳಿದರು. ಎಷ್ಟು ಬಾಕಿ ಅಂತ ಬಂದಿದೆ ಸರ್, ಅಂದೆ. 'ಎರಡು ಸಾವಿರದ ಏಳುನೂರು' ಅಂದರು.

ಅವರು ಇನ್ನೂ ಮಾತಾಡುತ್ತಿದ್ದರು. ನನಗೆ ಕೇಳಿಸುತ್ತಿರಲಿಲ್ಲ.

ಎರಡು ಕಾಲಂ, ಎರಡು ಹೆಸರು

ಮೇಡಂ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಬೈಯುತ್ತಾರೆ ಅಂತ ನಿಂತಿದ್ದೆ. ಅವರು ಕ್ಯಾಲ್ಕ್ಯುಲೇಟರ್ ಎಳೆದುಕೊಂಡು, 'ವ್ಯತ್ಯಾಸ ಎಷ್ಟಂದೆ? 2,700? ಒಂಬತ್ತರಿಂದ ಭಾಗಿಸು' ಅಂದರು. 300. 'ಶೇಷ ಇಲ್ಲದೆ ಹೋಯ್ತಲ್ವಾ? ಹಾಗಾದ್ರೆ ಯಾರೋ ಎರಡು ಅಂಕಿ ಅದಲುಬದಲು ಮಾಡಿದ್ದಾರೆ. 300 ಅಂದ್ರೆ ಸಾವಿರದ ಜಾಗದ್ದೂ ನೂರರ ಜಾಗದ್ದೂ ಅಂಕಿ. ಅವೆರಡರ ನಡುವೆ ವ್ಯತ್ಯಾಸ ಮೂರು. ನಮ್ಮ ಲೆಕ್ಕ ಕಡಿಮೆ ಇದೆ, ಅಂದ್ರೆ ನಾವು ಚಿಕ್ಕ ಅಂಕಿ ಮುಂದೆ ಬರೆದಿದ್ದೀವಿ. ಹುಡುಕು ಈಗ.' 41 ಎಂಟ್ರಿಗಳಲ್ಲಿ ಸಾವಿರದ ಅಂಕಿಗಿಂತ ನೂರರ ಅಂಕಿ ಸರಿಯಾಗಿ ಮೂರು ಜಾಸ್ತಿ ಇದ್ದದ್ದು ಮೂರೇ. ಅದರಲ್ಲಿ ಒಂದು 5,830. ಚೆಕ್ಕು ನೋಡಿದರೆ 8,530. ನಾಲ್ಕು ನಿಮಿಷ ಹಿಡಿಯಿತು, ಅಷ್ಟೆ. ನಾನು ಮೂರು ಸಲ ಕಣ್ಣಾಡಿಸಿದಾಗಲೂ ಅದನ್ನು ದಾಟಿ ಹೋಗಿದ್ದೆ. ಐದು, ಎಂಟು, ಮೂರು, ಸೊನ್ನೆ ಎಲ್ಲಾ ಇದ್ದಾವಲ್ಲ, ಕಣ್ಣಿಗೆ ಅಷ್ಟು ಸಾಕು.

ಒಂಬತ್ತರ ಈ ಉಪಾಯ ಮಾಟವೇನಲ್ಲ. ಅಕ್ಕಪಕ್ಕದ ಎರಡು ಅಂಕಿ ಜಾಗ ಬದಲಿಸಿದರೆ, ಹತ್ತರಲ್ಲಿ ಒಂದು ಕಳೆದಷ್ಟರ ಲೆಕ್ಕದಲ್ಲೇ ಮೊತ್ತ ಏರುಪೇರಾಗುತ್ತದೆ. 83 ಮತ್ತು 38, 45ರ ವ್ಯತ್ಯಾಸ. 61 ಮತ್ತು 16, ಮತ್ತೆ 45. ಬೇಕಾದರೆ ಮಾಡಿ ನೋಡಿ. ಕೈಯಲ್ಲಿ ಪುಸ್ತಕ ಬರೆಯುತ್ತಿದ್ದ ಕಾಲದ ಗುಮಾಸ್ತರಿಗೆ ಇದು ಬಾಯಿಪಾಠ. ನನಗೆ ಮೂರು ವರ್ಷದ ಕಾಮರ್ಸಿನಲ್ಲಿ ಯಾರೂ ಹೇಳಿರಲಿಲ್ಲ. ಹಾಗೆ ನೋಡಿದರೆ, ಟ್ರಯಲ್ ಬ್ಯಾಲೆನ್ಸ್ ಹಿಡಿಯಲಾರದ ತಪ್ಪುಗಳು ಯಾವುವು ಅಂತ ಐದು ಅಂಕದ ಪ್ರಶ್ನೆಗೆ ನಾನೇ ಬರೆದಿದ್ದೆ, ಮೂಲದಲ್ಲೇ ಮೊತ್ತ ತಪ್ಪಾಗಿ ಬರೆದರೆ ಡೆಬಿಟ್ಟೂ ಕ್ರೆಡಿಟ್ಟೂ ಒಟ್ಟಿಗೆ ತಪ್ಪುತ್ತವೆ, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ ಅಂತ. ಐದಕ್ಕೆ ಐದು ಬಂದಿತ್ತು. ಅದೇ ತಪ್ಪು ಎದುರಿಗೆ ಬಂದು ನಿಂತಾಗ ಗುರುತು ಸಿಗಲಿಲ್ಲ.

ಆಮೇಲೆ ಮೇಡಂ ಆ 5,830ರ ಎಂಟ್ರಿಯನ್ನು ಪರದೆ ಮೇಲೆ ತೆರೆದರು. ಬಲಗಡೆ ಎರಡು ಕಾಲಂ ಇರುತ್ತವೆ. ಎಂಟ್ರಿ ಮಾಡಿದವರು, ಅಪ್ರೂವ್ ಮಾಡಿದವರು. ಮೊದಲ ಕಾಲಮ್ಮಿನಲ್ಲಿ ನನ್ನ ಹೆಸರು. ಅಲ್ಲಿಯವರೆಗೆ ನಾನು ಬೇರೆ ಯಾರದೋ ತಪ್ಪನ್ನು ಮುಚ್ಚಿಟ್ಟಿದ್ದೇನೆ ಅಂತ ತಿಳಿದಿದ್ದೆ, ನೋಡಿ. ಆ ತಿಂಗಳು ಚೆಕ್ಕುಗಳ ಎಂಟ್ರಿ ಮಾಡಿದ್ದೂ ನಾನೇ ಅನ್ನೋದು ತಲೆಗೇ ಹೋಗಿರಲಿಲ್ಲ. ಕೆಳಗೆ ಸಸ್ಪೆನ್ಸಿನ ಜರ್ನಲ್, ಅಂದರೆ ಆ 2,700ರ ಎಂಟ್ರಿ, ತೆರೆದರು. ಅಲ್ಲೂ ನನ್ನ ಹೆಸರು. ಎರಡನೇ ಕಾಲಮ್ಮಿನಲ್ಲಿ ಮೇಡಂ ಹೆಸರು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತರು. 'ಅವತ್ತು ಅರವತ್ತು ಜರ್ನಲ್ ಬಂದಿದ್ವು' ಅಂದರು. ನನಗೆ ಹೇಳಿದ್ದಲ್ಲ ಅದು. ಆಮೇಲೆ ನನ್ನ ಕಡೆ ತಿರುಗಿ, 'ಡಿಫರೆನ್ಸ್ ಅಡ್ಜಸ್ಟೆಡ್ ಅಂತ ಬರೆದಿದ್ದೀಯ, ನಾನು ಓದದೆ ಒತ್ತಿದ್ದೀನಿ. ಓದಿದ್ರೂ ಏನು ಗೊತ್ತಾಗ್ತಿತ್ತು ಅದರಲ್ಲಿ?' ಅಂದರು. ಇಡೀ ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಅದೊಂದೇ ಸಲ, ಅದರಲ್ಲೂ ಅರ್ಧ ತಾವೇ ಇಟ್ಟುಕೊಂಡರು.

ಸಸ್ಪೆನ್ಸಿಗೆ ಡೆಬಿಟ್, ಆ ವ್ಯಾಪಾರಿಯ ಖಾತೆಗೆ ಕ್ರೆಡಿಟ್. ಒಂದು ಸಾಲಿನ ತಿದ್ದುಪಡಿ. ಫೋನ್ ಮಾತ್ರ ನಾನೇ ಮಾಡಬೇಕು ಅಂದರು. ವಸೂಲಿಯವರು ಮಾಡುತ್ತಾರೆ ಅಂತ ತಪ್ಪಿಸಿಕೊಳ್ಳಲು ನೋಡಿದೆ. 'ಫೋನ್ ಎತ್ತಿದವಳು ನೀನಲ್ವಾ?' ಅಂದರು. ಮಾಡಿದೆ. 'ಸರ್, ತಪ್ಪು ನಮ್ಮದು, ನಿಮ್ಮ ಬಾಕಿ ಏನೂ ಇಲ್ಲ' ಅಂದೆ. ಸಿಸ್ಟಂ ತಪ್ಪು ಅಂತ ಹೇಳಬೇಕೆಂದು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು 'ನಾನು 8,530 ಅನ್ನು 5,830 ಅಂತ ಬರೆದುಬಿಟ್ಟಿದ್ದೆ ಸರ್' ಅಂತ. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ ನಕ್ಕರು. 'ನನ್ನ ಮಗ ಎರಡು ದಿನದಿಂದ ನನ್ನ ಪುಸ್ತಕ ಎಲ್ಲಾ ತಿರುವಿ ಹಾಕ್ತಾ ಇದಾನಮ್ಮ, ಅವನಿಗೆ ಹೇಳ್ತೀನಿ ಇರು' ಅಂತ ಫೋನ್ ಇಟ್ಟರು. ನನ್ನ 2,700 ಅವರ ಮನೆಯಲ್ಲಿ ಎರಡು ದಿನದ ಕೆಲಸವಾಗಿತ್ತು. ನಮ್ಮಲ್ಲಿ ಟ್ಯಾಲಿ ಆಗಿತ್ತು, ಅವರಲ್ಲಿ ಆಗಿರಲಿಲ್ಲ.

ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕಿನ ಕಥೆ ನಿಮಗೆ ಗೊತ್ತಿರುತ್ತದೆ. 1762ರಲ್ಲಿ ಶುರುವಾದ ಬ್ಯಾಂಕು 1995ರ ಫೆಬ್ರವರಿಯಲ್ಲಿ ಮುಳುಗಿತು. ಸಿಂಗಾಪುರದಲ್ಲಿ ಕೂತಿದ್ದ ನಿಕ್ ಲೀಸನ್ ಅನ್ನೋ ಒಬ್ಬ ಟ್ರೇಡರ್ ಕೂಡಿಟ್ಟ ನಷ್ಟ 82 ಕೋಟಿ 70 ಲಕ್ಷ ಪೌಂಡ್. ಕೊನೆಗೆ ಐಎನ್‌ಜಿ ಆ ಬ್ಯಾಂಕನ್ನು ಕೊಂಡದ್ದು ಒಂದು ಪೌಂಡಿಗೆ. ತರಗತಿಯಲ್ಲಿ ಇದನ್ನು ದುರಾಸೆಯ ಕಥೆಯಾಗಿ, ಜೂಜಿನ ಕಥೆಯಾಗಿ ಹೇಳಿಕೊಟ್ಟಿದ್ದರು. 2,700ರ ನಂತರ ನಾನು ಅದನ್ನು ಇನ್ನೊಂದು ಸಲ ಓದಿದೆ. ಈ ಸಲ ಕಣ್ಣಿಗೆ ಬಿದ್ದದ್ದು 88888 ಅನ್ನೋ ಖಾತೆ. ಅದು ತಪ್ಪು ಎಂಟ್ರಿಗಳನ್ನು ತಾತ್ಕಾಲಿಕವಾಗಿ ಹಾಕಿಡುವ ಖಾತೆ. ಹೆಚ್ಚುಕಡಿಮೆ ನನ್ನ ಸಸ್ಪೆನ್ಸಿನ ಅಣ್ಣ. ಲೀಸನ್ ಹೇಳಿಕೊಂಡ ಪ್ರಕಾರ ಅದರಲ್ಲಿ ಅವನು ಮೊದಲು ಬಚ್ಚಿಟ್ಟ ನಷ್ಟಗಳಲ್ಲಿ ಒಂದು, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೊಳ್ಳುವ ಬದಲು ಮಾರಿದ್ದರಿಂದ ಆದದ್ದು. 20,000 ಪೌಂಡಿನಷ್ಟು. ಅವಳ ಕೆಲಸ ಹೋಗದಿರಲಿ ಅಂತ ಮುಚ್ಚಿದೆ ಅನ್ನುತ್ತಾನೆ. ನಂಬುವುದು ಬಿಡುವುದು ನಮಗೆ ಬಿಟ್ಟದ್ದು. ವ್ಯಾಪಾರ ಮಾಡುವವನೂ ಅವನೇ, ಅದರ ಲೆಕ್ಕ ತಾಳೆ ನೋಡುವ ವಿಭಾಗವನ್ನು ನಡೆಸುವವನೂ ಅವನೇ. ಎರಡು ಕಾಲಮ್ಮಿನಲ್ಲೂ ಒಬ್ಬನದೇ ಹೆಸರು ಇದ್ದ ಹಾಗೆ. ನನ್ನ ಕಥೆಯಲ್ಲಿ ಎರಡು ಹೆಸರಿದ್ದವು, ಆದರೂ ಎಂಟ್ರಿ ದಾಟಿ ಹೋಯಿತು. ಹಾಗಾಗಿ ಅವನನ್ನು ನೋಡಿ ನಗುವ ಧೈರ್ಯ ನನಗೆ ಆಮೇಲೆ ಬರಲಿಲ್ಲ.

ನರೇಷನ್

ಜರ್ನಲ್ ಎಂಟ್ರಿಯ ಕೆಳಗೆ ಬರೆಯುವ ಒಂದು ಸಾಲಿಗೆ ನರೇಷನ್ ಅಂತಾರೆ. ಪರೀಕ್ಷೆಯಲ್ಲಿ ಬರೆಯದಿದ್ದರೆ ಅರ್ಧ ಅಂಕ ಹೋಗುತ್ತದೆ ಅಂತ ಬರೆಯುತ್ತೇವೆ. 'ಬೀಯಿಂಗ್' ಅಂತ ಶುರು ಮಾಡಿ, ಮೇಲೆ ಏನು ಬರೆದಿದೆಯೋ ಅದನ್ನೇ ಇನ್ನೊಂದು ಸಲ ಹೇಳಿದರೆ ಆಯಿತು. ಬಾಡಿಗೆ ಖಾತೆಗೆ ಡೆಬಿಟ್, ನಗದಿಗೆ ಕ್ರೆಡಿಟ್, ಬೀಯಿಂಗ್ ಬಾಡಿಗೆ ಕಟ್ಟಿದ್ದು. ಇದಕ್ಕಿಂತ ದಂಡದ ಕೆಲಸ ಇಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಅಂತ ಎರಡು ಕಡೆ ಬರೆಯುವ ಜೋಡಿ ನಮೂದಿನ ಲೆಕ್ಕವನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ವಿವರಿಸಿದವನು ಲೂಕಾ ಪಾಚೋಲಿ. ಅವನ ಹೆಸರು ಎಲ್ಲರಿಗೂ ಗೊತ್ತು, ಮೊದಲ ಅಧ್ಯಾಯದ ಮೊದಲ ಪುಟದಲ್ಲೇ ಬರುತ್ತಾನೆ. ಅವನು ಹೇಳಿದ್ದು ಒಂದು ಪುಸ್ತಕದ ಮಾತಲ್ಲ, ಮೂರು ಪುಸ್ತಕಗಳದ್ದು. ಜರ್ನಲ್ಲು, ಲೆಡ್ಜರು ಎರಡು ಉಳಿದುಕೊಂಡವು. ಅವೆರಡಕ್ಕೂ ಮುಂಚೆ ಇನ್ನೊಂದು ಇತ್ತು, ನೆನಪಿನ ಪುಸ್ತಕ. ವ್ಯವಹಾರ ನಡೆದ ತಕ್ಷಣ ಡೆಬಿಟ್ ಕ್ರೆಡಿಟ್ ಯೋಚನೆ ಮಾಡದೆ ಯಾರ ಜೊತೆ, ಏನು, ಯಾವಾಗ, ಎಲ್ಲಿ ಅಂತ ಮಾತಿನಲ್ಲಿ ಬರೆದಿಡುವ ಪುಸ್ತಕ. ಯಜಮಾನ ಇಲ್ಲದಾಗ ಕೆಲಸದವರು, ಅಕ್ಷರ ಬಲ್ಲ ಮನೆಯ ಹೆಂಗಸರು ಕೂಡ ಅದರಲ್ಲಿ ಬರೆಯಬಹುದಿತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ಮೆಟ್ಟಿಲ ಮೇಲಿನ ಸರ್. 'ಒಂದು 40 ಹಾಕ್ಕೊಳಮ್ಮ' ಅನ್ನೋ ಮಾತಿಗೆ ಲೆಡ್ಜರಿನಲ್ಲಿ ಜಾಗ ಇಲ್ಲ. 40,000ಕ್ಕೆ ಮಾತ್ರ ಜಾಗ ಇದೆ. ಆ ಮಾತು ಉಳಿಯಬಹುದಾದ ಒಂದೇ ಒಂದು ಮೂಲೆ ಅಂದರೆ ನರೇಷನ್.

ಆಮೇಲೆ ನನ್ನ ನರೇಷನ್ನುಗಳು ಉದ್ದ ಆಗುತ್ತಾ ಹೋದವು. ಯಾರು ಹೇಳಿದರು, ಯಾವ ಕಾಗದ ನೋಡಿದೆ, ಏನು ಗೊತ್ತಾಗಲಿಲ್ಲ, ಎಲ್ಲಾ. ಒಂದು ಸಲ ಅಕ್ಷರಗಳ ಮಿತಿ ದಾಟಿ ಸಿಸ್ಟಂ ಎಂಟ್ರಿಯನ್ನೇ ತೆಗೆದುಕೊಳ್ಳಲಿಲ್ಲ. 'ಕಾದಂಬರಿ ಬರೀತಾ ಇದಾಳೆ' ಅಂತ ಪಕ್ಕದವರು ನಗುತ್ತಿದ್ದರು. ಆಡಿಟರುಗಳು ಬಂದ ವಾರ ಮಾತ್ರ ನಗಲಿಲ್ಲ. ಆಡಿಟರ್ ಕೇಳೋದು ಒಂದೇ ಪ್ರಶ್ನೆ, ಅದನ್ನೇ ನೂರು ಸಲ ಕೇಳುತ್ತಾರೆ. 'ಇದು ಎಲ್ಲಿಂದ ಬಂತು?' ಐದು ತಿಂಗಳ ಹಿಂದೆ ಹಾಕಿದ ಒಂದು ಅಂಕಿಯನ್ನು ತೋರಿಸಿ ಹಾಗೆ ಕೇಳಿದರೆ, ಹಾಕಿದವರಿಗೇ ಅದು ಅಪರಿಚಿತ. ಮರೆತಿದ್ದೀರಿ ಅಂತ ಯಾರೂ ಅನ್ನಲ್ಲ. ಉತ್ತರ ಇಲ್ಲ ಅಂತ ಬರೆದುಕೊಳ್ಳುತ್ತಾರೆ.

ಈ ಪ್ರಶ್ನೆಯನ್ನು ವಿದ್ಯಾರ್ಥಿಯೊಬ್ಬ ದೊಡ್ಡವರಿಗೇ ಕೇಳಿದ್ದು ಒಂದಿದೆ, ಅದನ್ನು ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಅಂತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೀನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಬರೆದಿದ್ದರು. ಸರ್ಕಾರಗಳ ಖರ್ಚು ಕಡಿತದ ಚರ್ಚೆಗಳಲ್ಲಿ ಆ ಅಂಕಿ ಬಹಳ ಓಡಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್‌ಗೆ ಯಾವುದಾದರೂ ಒಂದು ಸಂಶೋಧನೆಯ ಲೆಕ್ಕವನ್ನು ಮತ್ತೆ ಮಾಡಿ ತೋರಿಸು ಅಂತ ತರಗತಿಯಲ್ಲಿ ಹೋಂವರ್ಕ್ ಕೊಟ್ಟಿದ್ದರು. ಇದನ್ನು ಆರಿಸಿಕೊಂಡ. ಟ್ಯಾಲಿ ಆಗಲಿಲ್ಲ. ಎಷ್ಟು ಸಲ ಮಾಡಿದರೂ ಆಗಲಿಲ್ಲ. ಕೊನೆಗೆ ಅವರನ್ನೇ ಕೇಳಿ ಎಕ್ಸೆಲ್ ಶೀಟು ತರಿಸಿಕೊಂಡ. ಅವರೂ ಕೊಟ್ಟರು, ಅದು ದೊಡ್ಡ ಮಾತು. ನೋಡಿದರೆ ಸರಾಸರಿಯ ಫಾರ್ಮುಲಾ 30ನೇ ಸಾಲಿನಿಂದ 44ರವರೆಗೆ ಮಾತ್ರ ಎಳೆದಿತ್ತು, 49ರವರೆಗೆ ಹೋಗಬೇಕಿತ್ತು. ಐದು ದೇಶಗಳು ಹೊರಗೆ. 2013ರಲ್ಲಿ ಅವನು ತನ್ನ ಇಬ್ಬರು ಪ್ರೊಫೆಸರುಗಳ ಜೊತೆ ಬರೆದದ್ದರ ಪ್ರಕಾರ, ಅಷ್ಟು ಸಾಲ ಇದ್ದ ದೇಶಗಳ ಸರಾಸರಿ ಬೆಳವಣಿಗೆ ಶೇ. ಮೈನಸ್ 0.1 ಅಲ್ಲ, ಶೇ. 2.2. ಆ ಎಕ್ಸೆಲ್ ತಪ್ಪಿನ ಪಾಲು ಇದರಲ್ಲಿ ಚಿಕ್ಕದು. ಕೆಲವು ವರ್ಷಗಳನ್ನು ಬಿಟ್ಟದ್ದು, ಸರಾಸರಿ ತೆಗೆದ ರೀತಿ ಹೆಚ್ಚಿನ ಏರುಪೇರು ಮಾಡಿದ್ದವು. ಆದರೆ ಜನಕ್ಕೆ ನೆನಪುಳಿದದ್ದು ಎಕ್ಸೆಲ್. ನನಗೆ ನೆನಪುಳಿದದ್ದು ಅವನು 'ನನ್ನದೇ ತಪ್ಪಿರಬೇಕು' ಅಂತ ಒಂದು ವ್ಯತ್ಯಾಸದ ಸಾಲು ಹಾಕಿ ಹೋಂವರ್ಕ್ ಒಪ್ಪಿಸಲಿಲ್ಲ ಅನ್ನೋದು. ನಾನಾಗಿದ್ದರೆ ಒಪ್ಪಿಸುತ್ತಿದ್ದೆ. ಕನಿಷ್ಠ ನಾಲ್ಕನೇ ತಿಂಗಳಿನವರೆಗೆ.

63

ವರ್ಷದ ಉಳಿದ ಭಾಗದ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಬಜೆಟ್ ಬಂತು, ಹೋಯಿತು. ಪಿವಟ್ ಟೇಬಲ್ ಚೆನ್ನಾಗಿ ಬಂತು. ಜೊತೆಗೆ ಓದಿದವರಲ್ಲಿ ಪ್ಲೇಸ್‌ಮೆಂಟ್ ತೆಗೆದುಕೊಳ್ಳದವರು ಡಿಗ್ರಿ ಮುಗಿಸಿ ಫೋಟೋ ಹಾಕಿದರು. ಅವತ್ತೊಂದು ಸಂಜೆ ಬೇಜಾರಾಯಿತು, ಅಷ್ಟೆ.

ಕೊನೆಯ ವಾರ ಮುಂದಿನ ಹುಡುಗನಿಗೆ ಹ್ಯಾಂಡೋವರ್ ಫೈಲು ಮಾಡಿದೆ. ಅದರ ಮೊದಲ ಶೀಟಿನಲ್ಲಿ ಬಗೆಹರಿಯದ ವ್ಯತ್ಯಾಸಗಳ ಪಟ್ಟಿ. ಯಾವುದನ್ನೂ ಸಸ್ಪೆನ್ಸಿಗೆ ತಳ್ಳಿರಲಿಲ್ಲ. ಎಲ್ಲವೂ ಬಗೆಹರಿದಿದ್ದವು, 63 ಒಂದು ಬಿಟ್ಟು. ಮೂರು ತಿಂಗಳಿಂದ ಹಾಗೇ ನಿಂತಿತ್ತು. ಬ್ಯಾಂಕಿನಲ್ಲಿ ನಮ್ಮ ಲೆಕ್ಕಕ್ಕಿಂತ 63 ಕಡಿಮೆ. ಒಂಬತ್ತರಿಂದ ಭಾಗಿಸಿದರೆ ಏಳು. ಹತ್ತರ ಜಾಗ, ಬಿಡಿ ಜಾಗ, ನಡುವೆ ಏಳರ ವ್ಯತ್ಯಾಸ. 81 ಮತ್ತು 18, 92 ಮತ್ತು 29, ಅಥವಾ 70 ಮತ್ತು 07. ಎರಡು ಮಧ್ಯಾಹ್ನ ಅಂಥ ಅಂಕಿಗಳನ್ನೇ ಹುಡುಕಿದ್ದೆ. 81ರಲ್ಲಿ ಕೊನೆಯಾಗುವ ಪ್ರತಿ ಎಂಟ್ರಿಯ ಚೆಕ್ಕನ್ನೂ ತೆಗೆಸಿ ನೋಡಿದ್ದೆ. ಮೇಡಂ ಒಂದು ಸಲ ಬಂದು ನೋಡಿ, ಏನೋ ಹೇಳಲು ಹೋಗಿ, ಸುಮ್ಮನಾಗಿದ್ದರು. ಸಿಗಲಿಲ್ಲ. 'ಅಂಕಿ ಅದಲುಬದಲಾಗಿರಬಹುದು, ಪತ್ತೆಯಾಗಿಲ್ಲ' ಅಂತ ಪಟ್ಟಿಯಲ್ಲಿ ಬರೆದು, ನಾನು ನೋಡಿದ್ದನ್ನೆಲ್ಲ ಕೆಳಗೆ ಹಾಕಿ, ಐಡಿ ಕಾರ್ಡ್ ಒಪ್ಪಿಸಿ ಬಂದೆ.

ಲೈಬ್ರರಿಯ ಆ ಲೆಕ್ಕದ ದಿನವೇ ಸಂಜೆ, ನನ್ನ ಜಾಗಕ್ಕೆ ಬಂದ ಆ ಹುಡುಗನಿಗೆ ಮೆಸೇಜ್ ಹಾಕಿದೆ. ಆ 63 ಏನಾಯ್ತು ಅಂತ. ರಾತ್ರಿ ಉತ್ತರ ಬಂತು. 'ಸಿಕ್ತು ಅಕ್ಕ. ಹೊರದೇಶದಿಂದ ಮೂರು ಸಲ ದುಡ್ಡು ಬಂದಿತ್ತಲ್ಲ, ಪ್ರತಿ ಸಲ ನಡುವಿನ ಬ್ಯಾಂಕು 21 ಹಿಡ್ಕೊಂಡಿದೆ. ಬ್ಯಾಂಕಿಗೆ ಫೋನ್ ಮಾಡಿ ಕೇಳ್ದೆ, ಹೇಳಿದ್ರು.'

ಫೋನ್ ಮಾಡಿ ಕೇಳ್ದೆ! ಒಂಬತ್ತು ವ್ಯತ್ಯಾಸಗಳಲ್ಲಿ ಒಂದು ಹೇಗೂ ಒಂಬತ್ತರಿಂದ ಭಾಗ ಹೋಗುತ್ತದೆ, ಸುಮ್ನೆ. ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಒಂದು ಉಪಾಯ ಒಂದು ಸಲ ಕೈ ಹಿಡಿದದ್ದೇ ಸಾಕಾಗಿತ್ತು ನನಗೆ. 'ನರೇಷನ್ ಏನು ಬರೆದೆ?' ಅಂತ ಕೇಳಿದೆ. ಸ್ವಲ್ಪ ಹೊತ್ತು ಟೈಪಿಂಗ್ ಅಂತ ತೋರಿಸಿತು. ಆಮೇಲೆ ಬಂತು, 'ಬೀಯಿಂಗ್ ಬ್ಯಾಂಕ್ ಚಾರ್ಜಸ್. ಸಾಕಲ್ವಾ ಅಕ್ಕ?'